ಹದಿಹರೆಯದ ಮಕ್ಕಳಲ್ಲಿ ಆಹಾರದ ಅರಿವು

ಪ್ರೋಟೀನು, ಕಬ್ಬಿಣಾಂಶ, ಜೀವಸತ್ವಗಳ ಹೆಸರುಗಳನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯಬಲ್ಲರು. ಆದರೆ ಹತ್ತು ರೂಪಾಯಿ ಹಿಡಿದು ಅಂಗಡಿಯ ಮುಂದೆ ನಿಂತಾಗ ಯಾವುದನ್ನು ಕೊಳ್ಳಬೇಕು, ಏಕೆ ಕೊಳ್ಳಬೇಕು ಎಂದು ನಿರ್ಣಯಿಸುವುದು ಬೇರೆಯೇ ವಿದ್ಯೆ. ಆಹಾರದ ಗುಣವನ್ನು ತಿಳಿದು, ತೂಗಿ ನೋಡಿ, ತಕ್ಕದ್ದನ್ನು ಆರಿಸಿಕೊಳ್ಳುವ ಈ ಶಕ್ತಿಯನ್ನೇ ಪೋಷಣಾ ಸಾಕ್ಷರತೆ ಎನ್ನುವರು. ಅದು ಪಠ್ಯಪುಸ್ತಕವೊಂದರಿಂದಲೇ ಬರುವುದಿಲ್ಲ. ಮನೆ, ಅಂಗಡಿ, ಭಾಷೆ, ಶಾಲೆ ಎಲ್ಲವೂ ಕೂಡಿ ಅದನ್ನು ರೂಪಿಸುತ್ತವೆ.

ಈ ಅರಿವು ಏಕೆ ಬೇಕು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೂ ಗಂಡುಮಕ್ಕಳಲ್ಲಿ ನೂರಕ್ಕೆ 31 ಮಂದಿಗೂ ರಕ್ತಹೀನತೆಯಿದೆ. ರಕ್ತಹೀನತೆಯ ದಣಿವನ್ನು, ಪಾಠದಲ್ಲಿ ಮನಸ್ಸು ನಿಲ್ಲದಿರುವುದನ್ನು ನಾವು ಸೋಮಾರಿತನವೆಂದು ಬೈದುಬಿಡುವುದುಂಟು. 13ರಿಂದ 15 ವರ್ಷದ ಹುಡುಗನಿಗೆ ದಿನಕ್ಕೆ ಸುಮಾರು 22 ಮಿಲಿಗ್ರಾಂ ಕಬ್ಬಿಣಾಂಶ ಬೇಕಾದರೆ, ಅದೇ ವಯಸ್ಸಿನ ಹುಡುಗಿಗೆ 30 ಮಿಲಿಗ್ರಾಂ ಬೇಕು. ಹೀಗಿದ್ದರೂ ಎಷ್ಟೋ ಮನೆಗಳಲ್ಲಿ ಹೆಣ್ಣುಮಗಳು ಕೊನೆಯ ಪಂಕ್ತಿಗೆ ಕೂಡುತ್ತಾಳೆ. ತಟ್ಟೆಯಲ್ಲಿ ಉಳಿಯದಿದ್ದರೆ ತಲೆಯಲ್ಲಿರುವ ಪಾಠದಿಂದ ಪ್ರಯೋಜನವೇನು?

ಮನೆಯ ದುಡಿಮೆಯ ಹೊತ್ತೂ ಇಲ್ಲಿ ಮುಖ್ಯ. ಬೆಳಗಾವಿಯ ಆಟೋ ನಗರದ ಕಾರ್ಖಾನೆ, ಗ್ಯಾರೇಜುಗಳಲ್ಲಿ ಪಾಳಿಯ ಮೇಲೆ ದುಡಿಯುವ ತಂದೆತಾಯಿಗಳಿಗೂ, ಖಾನಾಪುರದ ಕಾಡಂಚಿನ ಹಳ್ಳಿಯಿಂದ ಮುಂಜಾನೆಯ ಬಸ್ಸಿಗೆ ಹೊರಡುವ ಮಗುವಿಗೂ ನೆಮ್ಮದಿಯ ಉಪಾಹಾರಕ್ಕೆ ಸಮಯ ಸಾಲದು. ಆ ಬರಿದಾದ ಜಾಗವನ್ನು ಚಹ-ಬಿಸ್ಕೀಟು, ಕುರುಕುಲು ತಿಂಡಿಯ ಪೊಟ್ಟಣಗಳು ತುಂಬುತ್ತವೆ.

ಆ ಪೊಟ್ಟಣದ ಮೇಲೆ ವಿವರವೇನೋ ಇರುತ್ತದೆ, ಅದನ್ನು ಓದುವವರಾರು? ನಿಯಮದಂತೆ ಅದು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು. ಕನ್ನಡ, ಮರಾಠಿ, ಉರ್ದು ಮಾಧ್ಯಮದ ಮಕ್ಕಳು ಒಂದೇ ಓಣಿಯಲ್ಲಿ ಬೆಳೆಯುವ ನಮ್ಮ ಗಡಿನಾಡಿನಲ್ಲಿ ಇದು ಸಣ್ಣ ತೊಡಕಲ್ಲ. ಎರಡು ಸಂಗತಿಗಳನ್ನಾದರೂ ಮಕ್ಕಳಿಗೆ ಕಲಿಸಬೇಕು. ಒಂದು, ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕವುಳ್ಳದ್ದು ಮೊದಲು ಬರುತ್ತದೆ. ಸಕ್ಕರೆ ಮೊದಲ ಎರಡು-ಮೂರರಲ್ಲಿದ್ದರೆ ಅದು ದಿನನಿತ್ಯದ ತಿನಿಸಲ್ಲ. ಎರಡು, ಅಂಕಿಗಳು ಸಾಮಾನ್ಯವಾಗಿ 100 ಗ್ರಾಂ ಅಥವಾ 100 ಮಿಲಿಲೀಟರಿಗೆ ಇರುತ್ತವೆ. 100 ಮಿಲಿಲೀಟರಿಗೆ 10 ಗ್ರಾಂ ಸಕ್ಕರೆಯೆಂದರೆ 250 ಮಿಲಿಲೀಟರಿನ ಶೀಶೆಯಲ್ಲಿ 25 ಗ್ರಾಂ, ಅಂದರೆ ಸುಮಾರು ಐದಾರು ಚಹದ ಚಮಚ.

ಸಸ್ಯಾಹಾರಿ ಮನೆಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಸರಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಕೊಡಲಾಗುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನಿದ್ದರೆ, ಬಾಳೆಹಣ್ಣಿನಲ್ಲಿ ಇರುವುದು ಹೆಚ್ಚುಕಡಿಮೆ 1 ಗ್ರಾಂ. ಆ ಅಂತರವನ್ನು ಮನೆಯ ಅಡುಗೆ ತುಂಬಿಕೊಡಬೇಕು. ಅದಕ್ಕೆ ದುಬಾರಿ ಡಬ್ಬಿಗಳು ಬೇಕಿಲ್ಲ. ಜೋಳದ ರೊಟ್ಟಿಯೊಂದಿಗೆ ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ, ಶೇಂಗಾ ಇಲ್ಲವೆ ಗುರೆಳ್ಳಿನ ಚಟ್ನಿ, ಒಂದು ಬಟ್ಟಲು ಮೊಸರು ಸಾಕು. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾದಲ್ಲೇ ಸುಮಾರು 7 ಗ್ರಾಂ ಪ್ರೋಟೀನಿದೆ. ಸೊಪ್ಪು, ಕಾಳುಗಳ ಮೇಲೆ ನಿಂಬೆರಸ ಹಿಂಡಿದರೆ ಅವುಗಳಲ್ಲಿನ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕುಡಿದ ಚಹ ಅದನ್ನು ತಡೆಯುತ್ತದೆ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆಯನ್ನು ಕೆಲವು ಮಕ್ಕಳು ಹೊಟ್ಟೆ ತೊಳಸುವುದೆಂಬ ಭಯದಿಂದ ಎಸೆಯುತ್ತಾರೆ. ಊಟವಾದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ. ಮಲ ಕಪ್ಪಾದರೆ ಅಂಜಬೇಕಾಗಿಲ್ಲ; ಅದು ಕಬ್ಬಿಣಾಂಶದ ಸಹಜ ಪರಿಣಾಮ. ಇಷ್ಟನ್ನು ಮೊದಲೇ ತಿಳಿಸಿದರೆ ಗುಳಿಗೆ ಕಸದ ಬುಟ್ಟಿ ಸೇರದು. ಆದರೂ ದಣಿವು, ಉಬ್ಬಸ ಕಳೆಯದಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಬೇಕು.

ಅನ್ನವನ್ನು ಪ್ರಸಾದವೆಂದು ಭಾವಿಸುವ ಮನೆತನ ನಮ್ಮದು. ಆ ಭಾವಕ್ಕೆ ಅರಿವೂ ಜೊತೆಗೂಡಲಿ. ವಾರಕ್ಕೊಂದು ದಿನ ಸಂತೆಗೆ ಮಕ್ಕಳನ್ನು ಕರೆದೊಯ್ದು ಕಾಳು, ಸೊಪ್ಪು, ಹಣ್ಣುಗಳನ್ನು ಅವರ ಕೈಯಿಂದಲೇ ಆರಿಸಿರಿ. ಮಗ-ಮಗಳಿಬ್ಬರಿಗೂ ಅಡುಗೆ ಕಲಿಸಿರಿ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿ ಸಮನಾಗಿ ಬಡಿಸಿರಿ. ಶಾಲೆ ಕಲಿಸಿದ ಪಾಠವು ಮೈಗೆ ಹತ್ತುವುದು ಆಗಲೇ.