ನೂಲು ಕಟ್ಟಿದ ತುಂಬಿ

ತುಂಬಿಯ ಬಾಲಕ್ಕೆ ನೂಲು ಕಟ್ಟಿ ಕಲ್ಲೆತ್ತಿಸುವ ಆಟ ನಮ್ಮ ಕಾಸರಗೋಡು ಸೀಮೆಯಲ್ಲಿ ಹೊಸತಲ್ಲ. ಇಂದು ಮಾಸ್ತರರೆನಿಸಿರುವ ನಾವೂ ಚಿಕ್ಕಂದಿನಲ್ಲಿ ಆಡಿದವರೇ. ಮಲಯಾಳದ ತುಂಬಿ ಎಂದರೆ ಕನ್ನಡದ ದುಂಬಿಯಲ್ಲ, ಏರೋಪ್ಲೇನ್ ಚಿಟ್ಟೆ.

ವಿಮಾನದಂತಿದೆ ಎಂದು ಆ ಹೆಸರು ಬಂತಷ್ಟೆ. ಆದರೆ ವಿಮಾನಕ್ಕೆ ಇದರ ವಿದ್ಯೆ ಅರ್ಧವೂ ಬಾರದು. ನಾಲ್ಕು ರೆಕ್ಕೆಗಳಲ್ಲಿ ಪ್ರತಿಯೊಂದರ ಬುಡಕ್ಕೂ ಬೇರೆ ಬೇರೆ ಸ್ನಾಯುಗಳಿವೆ. ಮುಂದಿನ ಜೋಡಿ ಮೇಲೇಳುವಾಗ ಹಿಂದಿನದು ಕೆಳಗಿಳಿಯಬಲ್ಲುದು. ಆದುದರಿಂದಲೇ ಅದು ಗಾಳಿಯಲ್ಲಿ ನಿಂತಲ್ಲೇ ನಿಲ್ಲುತ್ತದೆ, ಸರಕ್ಕನೆ ಪಕ್ಕಕ್ಕೆ ಜಾರುತ್ತದೆ, ಹಿಮ್ಮುಖವಾಗಿಯೂ ಹಾರುತ್ತದೆ. ರೆಕ್ಕೆಯ ತುದಿಯ ಬಳಿ ದಪ್ಪನೆಯ ಚುಕ್ಕೆಯೊಂದಿದೆ, ಕಣ್ಣಿಟ್ಟು ನೋಡಿರಿ. ತೇಲುವಾಗ ರೆಕ್ಕೆ ಅದುರದಂತೆ ತಡೆಯುವುದು ಆ ಚುಕ್ಕೆಯ ಭಾರವೇ.

ಬೇಟೆಯಲ್ಲಿ ಅದು ಸೊಳ್ಳೆಯ ಬೆನ್ನು ಹತ್ತುವುದಿಲ್ಲ. ಸೊಳ್ಳೆ ಮುಂದೆ ಎಲ್ಲಿಗೆ ತಲಪುವುದೋ ಅಲ್ಲಿಗೇ ಗುರಿಯಿಟ್ಟು ಅಡ್ಡಗಟ್ಟಿ, ಕಾಲುಗಳನ್ನು ಬುಟ್ಟಿಯಂತೆ ಮಾಡಿ ಹಿಡಿಯುತ್ತದೆ. ಪರೀಕ್ಷೆಗಳಲ್ಲಿ ನೂರು ದಾಳಿಗೆ 90ಕ್ಕೂ ಹೆಚ್ಚು ಫಲಿಸಿದ್ದುಂಟು. ಹುಲಿಗೂ ಇಂಥ ಕೈಗುಣವಿಲ್ಲ.

ತುಲಾ ಮಾಸದಲ್ಲಿ ಗದ್ದೆಯ ಮೇಲೆ ಹಿಂಡುಗಟ್ಟುವ ಹಳದಿ ಮೈಯದನ್ನು ಮಲಯಾಳದಲ್ಲಿ ತುಲಾತ್ತುಂಬಿ ಎನ್ನುತ್ತಾರೆ. ಸಿಹಿನೀರಿನ ಹೊಳೆಯೇ ಇಲ್ಲದ ಮಾಲ್ದೀವಿನಲ್ಲಿಯೂ ಪ್ರತಿವರ್ಷ ಅಕ್ಟೋಬರದಲ್ಲಿ ಇವು ಲಕ್ಷಗಟ್ಟಲೆ ಬಂದಿಳಿಯುತ್ತವೆ. ಎಲ್ಲಿಂದ? ಅಲ್ಲಿ ನೆಲೆಸಿದ್ದ ಚಾರ್ಲ್ಸ್ ಆ್ಯಂಡರ್ಸನ್ ಎಂಬ ಸಮುದ್ರಜೀವಿ ತಜ್ಞರು ವರ್ಷಗಟ್ಟಲೆ ದಿನಾಂಕ ಗುರುತಿಸಿಟ್ಟು, 2009ರಲ್ಲಿ ತಮ್ಮ ಉತ್ತರವನ್ನು ಪ್ರಕಟಿಸಿದರು. ಇವು ಭಾರತದಿಂದ ಹೊರಟು, 1000 ಮೀಟರಿಗೂ ಎತ್ತರದ ಗಾಳಿಯನ್ನೇರಿ, ಕಡಲು ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ ಎಂದು. ಹೋದವೇ ಮರಳುವುದಿಲ್ಲ, ಅವುಗಳ ಮುಂದಿನ ಪೀಳಿಗೆಗಳು ಮುಂಗಾರಿನೊಡನೆ ಬರುತ್ತವೆ. ಹೋಗಿಬರುವ ದಾರಿ ಒಟ್ಟು 14,000ದಿಂದ 18,000 ಕಿಲೋಮೀಟರು! ಬಂದವು ಮಳೆಯ ಹೊಂಡಗಳಲ್ಲಿ ಮೊಟ್ಟೆಯಿಡುತ್ತವೆ. ಮರಿಗಳು ನೀರಿನಲ್ಲೇ ಸೊಳ್ಳೆಮರಿಗಳನ್ನು ತಿಂದು ಒಂದೆರಡು ತಿಂಗಳಲ್ಲಿ ರೆಕ್ಕೆ ಪಡೆಯುತ್ತವೆ.

ಮೂರು ವರ್ಷಗಳ ಹಿಂದೆ ಸುಗ್ಗಿ ಬೆಳೆಗೆ ಎಲೆಸುರುಳಿ ಹುಳು ಕಂಡಿತೆಂದು ನಾವು ಅವಸರಪಟ್ಟು ಔಷಧಿ ಹೊಡೆಸಿದೆವು. ಮರುದಿನ ಹುಣಿಯ ಬದಿಯ ನೀರಿನಲ್ಲಿ ತುಂಬಿಯ ಮರಿಗಳು ಸತ್ತು ತೇಲುತ್ತಿದ್ದವು. ಜೇಡಗಳೂ ಕಾಣಲಿಲ್ಲ. ಕೆಲವೇ ವಾರಗಳಲ್ಲಿ ಕಂದು ಜಿಗಿಹುಳು ಬಿತ್ತು. ಅದನ್ನು ತಿನ್ನುವವರೇ ಉಳಿದಿರಲಿಲ್ಲ. ಆ ವರ್ಷ ನಮಗೆ ಎರಡು ಮುಡಿ ಅಕ್ಕಿ ಕಡಿಮೆ. ಈಗ ಬುಡ ಬಗ್ಗಿಸಿ ಹುಳು ಎಣಿಸದೆ ನಾವು ಔಷಧಿಯ ಡಬ್ಬ ತೆರೆಯುವುದಿಲ್ಲ.

ಕಳೆದ ತುಲಾ ಮಾಸದಲ್ಲಿ ನಾಲ್ಕನೆಯ ತರಗತಿಯ ಹುಡುಗನೊಬ್ಬ ನೂಲು ಕಟ್ಟಿದ ತುಂಬಿಯನ್ನು ಶಾಲೆಗೆ ತಂದ. ಅವನ ಕೈಯಿಂದಲೇ ನೂಲು ಬಿಚ್ಚಿಸಿದೆವು. ತುಸು ಹೊತ್ತು ಬೆರಳ ಮೇಲೆಯೇ ಕುಳಿತಿದ್ದು, ಗೇರುಮರದ ಮೇಲಿಂದ ಪಡುವಣಕ್ಕೆ ಹಾರಿಹೋಯಿತು.