ನಿಮಗಿದು ಗೊತ್ತೇ? ಅಪ್ಪ ಪಕ್ಕದಲ್ಲಿದ್ದರೆ ವಿ8, ಒಬ್ಬನೇ ಹೊರಟರೆ ಇಲ್ಲ!

ಆಸ್ಟ್ರೇಲಿಯಾದಲ್ಲಿ ಕಾರಿನ ಹಿಂದೆ-ಮುಂದೆ ಇಂಗ್ಲಿಷಿನ ‘ಪಿ’ ಅಕ್ಷರದ ಚೌಕ ಹಲಗೆ ಕಂಡರೆ ಸ್ವಲ್ಪ ಜಾಗ ಬಿಡಿ. ಒಳಗಿರುವುದು ಹೊಸ ಚಾಲಕ. ಲೈಸೆನ್ಸ್ ಸಿಕ್ಕಿದೆ, ಪೂರ್ತಿ ಸಿಕ್ಕಿಲ್ಲ. ಇಂಥವರಿಗೆ ಅಲ್ಲಿ ‘ಪಿ-ಪ್ಲೇಟರ್’ ಅಂತಲೇ ಹೆಸರು. ಸಿಡ್ನಿ ಕಡೆ ಬಿಳಿ ಹಲಗೆಯ ಮೇಲೆ ಕೆಂಪು ಪಿ. ಗಡಿ ದಾಟಿ ಮೆಲ್ಬರ್ನ್ ಕಡೆ ಹೋದರೆ ಕೆಂಪು ಹಲಗೆಯ ಮೇಲೆ ಬಿಳಿ ಪಿ. ಬಣ್ಣ ಅವೇ ಎರಡು, ಜಾಗ ಮಾತ್ರ ಅದಲು ಬದಲು!

ಈ ಪಿ ಸುಮ್ಮನೆ ಸಿಗುವುದಿಲ್ಲ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 25 ವರ್ಷದೊಳಗಿನವರು 120 ಗಂಟೆ ಕಾರು ಓಡಿಸಿ ಪುಸ್ತಕದಲ್ಲಿ ಲೆಕ್ಕ ಬರೆಯಬೇಕು. ಅದರಲ್ಲಿ 20 ಗಂಟೆ ರಾತ್ರಿಯದ್ದೇ ಆಗಿರಬೇಕು. 120 ಗಂಟೆ ಅಂದರೆ ಎಷ್ಟು ಗೊತ್ತೇ? ಐದು ಹಗಲು, ಐದು ರಾತ್ರಿ, ಸ್ಟೇರಿಂಗ್ ಬಿಡದೆ!

ಆಮೇಲೆ ಒಂದು ವರ್ಷ ಕೆಂಪು ಪಿ, ಎರಡು ವರ್ಷ ಹಸಿರು ಪಿ. ಹೆದ್ದಾರಿಯ ಫಲಕ 110 ಅನ್ನುತ್ತಿದ್ದರೂ ಕೆಂಪು ಪಿ ಹುಡುಗ 90 ದಾಟುವಂತಿಲ್ಲ, ಹಸಿರಿನವನು 100 ದಾಟುವಂತಿಲ್ಲ.

ಇಷ್ಟೇ ಆಗಿದ್ದರೆ ಹುಡುಗರು ಸಹಿಸಿಕೊಳ್ಳುತ್ತಿದ್ದರೋ ಏನೋ. ಅವರ ಹೊಟ್ಟೆಯುರಿ ಬೇರೆಯದೇ. ಯಾವ ಕಾರು ಓಡಿಸಬೇಕು ಅನ್ನುವುದನ್ನೂ ಸರಕಾರವೇ ಹೇಳುತ್ತದೆ! 2005ರ ಜುಲೈನಲ್ಲಿ ನ್ಯೂ ಸೌತ್ ವೇಲ್ಸ್ ಒಂದು ಪಟ್ಟಿ ತಂದಿತು. ಎಂಟು ಸಿಲಿಂಡರಿನ ವಿ8 ಎಂಜಿನ್ ಬೇಡ. ಪೆಟ್ರೋಲ್ ಟರ್ಬೊ ಬೇಡ. ಸೂಪರ್‌ಚಾರ್ಜರ್ ಬೇಡ. 18ರ ಹುಡುಗನ ಕನಸಿನಲ್ಲಿ ಬರುವ ಅಷ್ಟೂ ಕಾರುಗಳು ಒಂದೇ ಏಟಿಗೆ ಬಂದ್!

ಈ ಪಟ್ಟಿಯ ತಮಾಷೆ ಕೇಳಿ. ಟರ್ಬೊ ಅಂದರೆ ಹೊರಹೋಗುವ ಹೊಗೆಯ ರಭಸದಿಂದಲೇ ತಿರುಗಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪುಟ್ಟ ಚಕ್ರ. ಪೆಟ್ರೋಲ್ ಉಳಿಸಲೆಂದು ಸಣ್ಣ ಸಣ್ಣ ಕಾರುಗಳಿಗೂ ಅದನ್ನು ಕೂರಿಸುತ್ತಾರೆ. ಕಾನೂನಿಗೆ ಅದು ಕಾಣಬೇಕಲ್ಲ? ಪುಟ್ಟ ಟರ್ಬೊ ಕಾರು ನಿಷಿದ್ಧವಾಯಿತು. ಅದೇ ಹೊತ್ತಿಗೆ 200 ಕಿಲೋವ್ಯಾಟ್ ಶಕ್ತಿಯ ಟೊಯೋಟಾ ಆರಿಯನ್, ಟರ್ಬೊ ಇಲ್ಲದ ಆರು ಸಿಲಿಂಡರಿನ ಸಂಸಾರಸ್ಥ ಕಾರು, ಹುಡುಗರ ಕೈಯಲ್ಲಿ ಆರಾಮವಾಗಿ ಓಡಾಡಿತು. ಕೊನೆಗೆ ಬಡಪಾಯಿ ಟರ್ಬೊಗಳಿಗೆಂದೇ ವಿನಾಯಿತಿಯ ಇನ್ನೊಂದು ಪಟ್ಟಿ ಮಾಡಬೇಕಾಯಿತು. ಪಟ್ಟಿಗೊಂದು ಪಟ್ಟಿ!

ಪಕ್ಕದ ಕ್ವೀನ್ಸ್‌ಲ್ಯಾಂಡ್ ಇನ್ನೂ ಸೂಕ್ಷ್ಮಕ್ಕೆ ಇಳಿಯಿತು. ಹಳೆಯ ಕಾರುಗಳಿಗೆ ಅದು ಬರೆದ ನಿಯಮದಲ್ಲಿ ಒಂದು ವಿಚಿತ್ರ ಸಂಖ್ಯೆ ಇದೆ: 1,146 ಸಿಸಿ. ಇದಕ್ಕಿಂತ ದೊಡ್ಡ ರೋಟರಿ ಎಂಜಿನ್ ಬೇಡವಂತೆ. ಯಾಕೆ 1,146? ಮಾಜ್ದಾ ಕಂಪನಿಯ ‘12ಎ’ ಎಂಬ ರೋಟರಿ ಎಂಜಿನ್ನಿನ ಅಳತೆ ಸರಿಯಾಗಿ ಅಷ್ಟೇ! ಅದರ ಅಣ್ಣ ‘13ಬಿ’ 1,308 ಸಿಸಿ. ಮಾಜ್ದಾ ಹೆಸರೆತ್ತದೆಯೇ ತಮ್ಮನನ್ನು ಒಳಗೆ ಬಿಟ್ಟು ಅಣ್ಣನಿಗೆ ಬಾಗಿಲು ಹಾಕಿದ ಹಾಗಾಯಿತು.

2014ರ ಆಗಸ್ಟ್ 1ರಂದು ನ್ಯೂ ಸೌತ್ ವೇಲ್ಸ್ ಸಿಲಿಂಡರ್ ಎಣಿಸುವುದನ್ನು ಬಿಟ್ಟು ತಕ್ಕಡಿ ಹಿಡಿಯಿತು. ಕಾರಿನ ಶಕ್ತಿಯನ್ನು ಅದರ ತೂಕದಿಂದ ಭಾಗಿಸಿ. ಟನ್ನಿಗೆ 130 ಕಿಲೋವ್ಯಾಟ್ ದಾಟಿದರೆ ಬೇಡ, ಒಳಗಿದ್ದರೆ ಹೋಗಿ ಬಾ ಮಗನೇ. ನಮ್ಮ ಹಳೆಯ ಮಾರುತಿ 800ಕ್ಕೆ ಈ ಲೆಕ್ಕ ಹಾಕಿ ನೋಡಿದೆ. ಬಂದದ್ದು ಸುಮಾರು 42!

ತಕ್ಕಡಿಯೂ ಚೇಷ್ಟೆ ಬಿಡಲಿಲ್ಲ. ಟೊಯೋಟಾ ಲ್ಯಾಂಡ್‌ಕ್ರೂಸರ್ 200 ಪೆಟ್ರೋಲ್ ಕಾರಿನಲ್ಲಿ ವಿ8 ಎಂಜಿನ್, 227 ಕಿಲೋವ್ಯಾಟ್. ಆದರೆ ತೂಕ ಎರಡೂವರೆ ಟನ್ನಿಗೂ ಮೇಲೆ. ಭಾಗಿಸಿದರೆ 90ರ ಆಸುಪಾಸು. ಆನೆಯಂಥ ವಿ8 ಪಾಸ್!

ಫೇಲಾದವರ ಕಥೆ ಇನ್ನೂ ಚೆಂದ. ಟೊಯೋಟಾ 86 ಅಂತ ಎರಡು ಬಾಗಿಲಿನ ಮುದ್ದಾದ ಸ್ಪೋರ್ಟ್ಸ್ ಕಾರು. ಶಕ್ತಿ 147 ಕಿಲೋವ್ಯಾಟ್, ಲೆಕ್ಕದಲ್ಲಿ 120ರ ಆಸುಪಾಸು. ಪಿ-ಪ್ಲೇಟರ್‌ಗಳಿಗೆ ಹಬ್ಬ. ಆಮೇಲೆ ಅದರ ಎರಡನೇ ಪೀಳಿಗೆ ಬಂತು, ಶಕ್ತಿ 174ಕ್ಕೆ ಏರಿತು, ಲೆಕ್ಕ 135ರ ಹತ್ತಿರ ಹೋಗಿ ಕೂತಿತು. ಅದೇ ಮನೆತನ, ಅದೇ ಮುಖ. ಅಣ್ಣನಿಗೆ ಸಿಕ್ಕ ಕಾರು ತಮ್ಮನಿಗಿಲ್ಲ!

ಈಗ ತಲೆಬರಹಕ್ಕೆ ಬರೋಣ. ಈ ನಿಷೇಧ ಪಿ ಅಂಟಿಸಿಕೊಂಡವರಿಗೆ. ಇನ್ನೂ ಕಲಿಯುತ್ತಿರುವ ‘ಎಲ್’ ಹುಡುಗನಿಗೆ ನ್ಯೂ ಸೌತ್ ವೇಲ್ಸ್‌ನಲ್ಲಿ ಇದು ಅನ್ವಯಿಸುವುದೇ ಇಲ್ಲ, ಯಾಕೆಂದರೆ ಪಕ್ಕದಲ್ಲಿ ಪೂರ್ತಿ ಲೈಸೆನ್ಸಿನವರು ಇರಲೇಬೇಕು. ಹಾಗಾಗಿ ಏನೂ ಬಾರದ ದಿನ ಅಪ್ಪನ ಗರ್ಜಿಸುವ, 130 ದಾಟಿದ ವಿ8ನಲ್ಲಿ ಕಲಿಯಬಹುದು. ಕಲಿತು ಪರೀಕ್ಷೆ ಪಾಸಾದ ಮರುದಿನ ಅದೇ ಕಾರನ್ನು ಮುಟ್ಟುವಂತಿಲ್ಲ!

ಮುಟ್ಟಿ ಸಿಕ್ಕಿಬಿದ್ದರೆ? ಏಳು ತಪ್ಪಂಕ. ಕೆಂಪು ಪಿ ಹುಡುಗನಿಗೆ ನಾಲ್ಕು ಅಂಕವಾದರೆ ಸಾಕು, ಲೈಸೆನ್ಸ್ ಅಮಾನತು. ಒಂದೇ ಬಾಲಿಗೆ ಹೆಚ್ಚುಕಮ್ಮಿ ಎರಡು ಸಲ ಔಟ್!

ಕಾರು ಸಾಧು, ಎಂಜಿನ್ ಮಾತ್ರ ಬದಲಿಸಿಬಿಡೋಣ ಅಂತ ಯೋಚಿಸುವ ಜಾಣರೂ ಇದ್ದಾರೆ. ಎಂಜಿನ್ ಇಳಿಸಿ ಬೇರೆಯದನ್ನು ಕೂರಿಸುವ ಈ ಕೆಲಸಕ್ಕೆ ಅಲ್ಲಿ ‘ಸ್ವಾಪ್’ ಅನ್ನುತ್ತಾರೆ. ನೋಡಿದರೆ ಹಸು, ಹಾಯ್ದರೆ ಗೂಳಿ. ಇಂಥ ಕಾರಿಗೆ ಹೆಸರು ‘ಸ್ಲೀಪರ್’, ನಿದ್ದೆ ಮಾಡುವವನು! ಆದರೆ ಪಿ-ಪ್ಲೇಟರ್‌ಗೆ ಇದೂ ಇಲ್ಲ. ಪ್ರಮಾಣಪತ್ರ ಬೇಕಾಗುವಂಥ ಬದಲಾವಣೆ ಎಂಜಿನ್ನಿಗೆ ಆಗಿದ್ದರೆ ಆ ಕಾರು ನಿಷಿದ್ಧ. ಕೆಲಸ ಎಷ್ಟೇ ಚೊಕ್ಕಟವಾಗಿರಲಿ!

ಈ ಎಂಜಿನ್ನುಗಳು ಎಲ್ಲಿಂದ ಬರುತ್ತವೆ ಗೊತ್ತೇ? ಎಷ್ಟೋ ಬಾರಿ ಜಪಾನಿನಿಂದ, ಅರ್ಧ ಕಾರಿನ ಜತೆ! ಹಳೆಯ ಕಾರನ್ನು ನಡುವೆ ಕತ್ತರಿಸಿ ಮುಂದಿನ ಭಾಗವನ್ನಷ್ಟೇ ಹಡಗಿಗೆ ಹಾಕುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ವೈರು, ಕೊನೆಯ ನಟ್ಟು ಬೋಲ್ಟಿನ ತನಕ ಎಲ್ಲ ಇದ್ದಲ್ಲೇ ಇರುತ್ತದೆ. ಹೆಸರು ‘ಹಾಫ್-ಕಟ್’. ಹೋಟೆಲಿನ ಹಾಫ್ ಪ್ಲೇಟ್ ಚಿತ್ರಾನ್ನದ ಹಾಗೆ, ಅರ್ಧ ಕಾರು ಪಾರ್ಸೆಲ್!

ದೊಡ್ಡವರೂ ಮನಸ್ಸಿಗೆ ಬಂದ ಎಂಜಿನ್ ಕೂರಿಸುವಂತಿಲ್ಲ. ಅದಕ್ಕೊಂದು ಮಗ್ಗಿ ಇದೆ. ಕಾರು 1,100 ಕಿಲೋಗಿಂತ ಭಾರವಿದ್ದರೆ ತೂಕವನ್ನು ಐದರಿಂದ ಗುಣಿಸಿ. ಬಂದ ಉತ್ತರವೇ ಎಂಜಿನ್ನಿನ ಗರಿಷ್ಠ ಸಿಸಿ. ಟರ್ಬೊ ಆದರೆ ಮೂರರಿಂದ. 1,300 ಕಿಲೋ ಕಾರಿಗೆ 6,500 ಸಿಸಿ ತನಕ ಸರಿ, ಟರ್ಬೊ ಇದ್ದರೆ 3,900. ಗ್ಯಾರೇಜಿಗೆ ಹೋಗುವ ಮುಂಚೆ ಐದರ ಮಗ್ಗಿ ಒಪ್ಪಿಸಿ!

ಕದ್ದು ಮಾಡಿ ಸಿಕ್ಕಿಬಿದ್ದವರ ಕಾರಿಗೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಪೊಲೀಸರು ಹಳದಿ ಚೀಟಿ ಅಂಟಿಸುತ್ತಾರೆ. ಜನ ಅದಕ್ಕಿಟ್ಟ ಹೆಸರು ‘ಕೆನರಿ’, ಹಳದಿ ಹಕ್ಕಿ. ಹಕ್ಕಿ ಬಂದು ಕೂತರೆ ಕಾರು ಹಾರುವುದು ನಿಂತಿತು!

ನಮ್ಮಲ್ಲಿ ಹೇಗೆ ಅಂತೀರಾ? ಹೆಚ್ಚುಕಮ್ಮಿ ತಿರುಗುಮುರುಗು. 18 ತುಂಬಿ ಡಿಎಲ್ ಕೈಗೆ ಬಂದ ದಿನವೇ ಎಷ್ಟು ಶಕ್ತಿಯ ಕಾರನ್ನಾದರೂ ಓಡಿಸಬಹುದು, ಮನೆಯಲ್ಲಿ ಕೀಲಿ ಕೊಟ್ಟರೆ! ಆದರೆ ಕಂಪನಿ ಮಾಡಿಕೊಟ್ಟ ರೂಪವನ್ನು ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಎಂಜಿನ್ ಬದಲಿಸಬೇಕೇ? ಮೊದಲು ಆರ್‌ಟಿಒ ಮೆಟ್ಟಿಲು ಹತ್ತಿ.

ಈಚೆಗೆ ಆಸ್ಟ್ರೇಲಿಯಾದಲ್ಲಿ ದೊಡ್ಡವರಿಗೂ ಬಿಸಿ ಮುಟ್ಟಿದೆ. ಸೌತ್ ಆಸ್ಟ್ರೇಲಿಯಾ ರಾಜ್ಯದಲ್ಲಿ 2024ರ ಡಿಸೆಂಬರ್ 1ರಿಂದ, ಟನ್ನಿಗೆ 276 ಕಿಲೋವ್ಯಾಟ್ ಮುಟ್ಟುವ ಕಾರಿಗೆ ‘ಯು’ ಎಂಬ ಬೇರೆಯೇ ಲೈಸೆನ್ಸ್ ದರ್ಜೆ ಬೇಕು. ತಲೆ ನರೆತ ಲ್ಯಾಂಬೋರ್ಗಿನಿ ಸಾಹುಕಾರರೂ ಪಾಠ ಓದಬೇಕು!

ಬೈಕಿನವರಿಗೂ ತಕ್ಕಡಿ ಇದೆ. ಹೊಸಬರಿಗೆ 660 ಸಿಸಿ ಮಿತಿ, ಟನ್ನಿಗೆ 150 ಕಿಲೋವ್ಯಾಟ್ ಮಿತಿ. ಕಾರನ್ನು ತೂಗುವಾಗ ಚಾಲಕನನ್ನು ಇಳಿಸುತ್ತಾರೆ, ಬೈಕಿನ ಲೆಕ್ಕಕ್ಕೆ ಮಾತ್ರ 90 ಕಿಲೋ ಸವಾರನನ್ನೂ ಸೇರಿಸುತ್ತಾರೆ! ಯಮಹಾದವರ ಎಂಟಿ-07 ಬೈಕು 689 ಸಿಸಿ. 29 ಸಿಸಿ ಜಾಸ್ತಿ. ಕಂಪನಿ ಏನು ಮಾಡಿತು? ಅಲ್ಲಿನ ಹುಡುಗರಿಗೆಂದೇ 655 ಸಿಸಿ ಎಂಜಿನ್ ಮಾಡಿಕೊಟ್ಟಿತು!

ಕೊನೆಯದು ನನಗೆ ತುಂಬ ಇಷ್ಟವಾದದ್ದು. 1979ರ ‘ಮ್ಯಾಡ್ ಮ್ಯಾಕ್ಸ್’ ಸಿನಿಮಾದ ಕಪ್ಪು ಫೋರ್ಡ್ ಫಾಲ್ಕನ್ ನೆನಪಿದೆಯೇ? ಅಭಿಮಾನಿಗಳ ಬಾಯಲ್ಲಿ ಅದು ‘ಇಂಟರ್‌ಸೆಪ್ಟರ್’. ಬಾನೆಟ್ ಸೀಳಿಕೊಂಡು ಮೇಲೆದ್ದ ಅದರ ಸೂಪರ್‌ಚಾರ್ಜರ್ ಬರೀ ಡವ್ವು, ಕೆಲಸ ಮಾಡುತ್ತಲೇ ಇರಲಿಲ್ಲ! ಕೆಳಗಿದ್ದ ವಿ8 ಮಾತ್ರ ನಿಜ. ಹಳೆಯ ಕಾರಿಗೆ ವಿಕ್ಟೋರಿಯಾದಲ್ಲಿ ಇನ್ನೂ ಸಿಲಿಂಡರ್ ಲೆಕ್ಕವೇ. ಹಾಗಾಗಿ ಚಿತ್ರೀಕರಣ ನಡೆದ ಅದೇ ರಾಜ್ಯದಲ್ಲಿ ಪಿ-ಪ್ಲೇಟರ್‌ಗೆ ಆ ಕಾರು ಸಿಗದು. ಆದರೆ ಆಸ್ಟ್ರೇಲಿಯಾದ ಹೊಸಬರು ಓಡಿಸಬಹುದಾದ ಬೈಕುಗಳ ಪಟ್ಟಿಯಲ್ಲಿ ಇನ್ನೊಂದು ಇಂಟರ್‌ಸೆಪ್ಟರ್ ಇದೆ, 648 ಸಿಸಿ. ತಯಾರಾಗುವುದು ಎಲ್ಲಿ ಗೊತ್ತೇ? ನಮ್ಮ ಪಕ್ಕದ ಚೆನ್ನೈ ಹತ್ತಿರ. ಅದು ರಾಯಲ್ ಎನ್‌ಫೀಲ್ಡ್!