ದಾರಿ ತಪ್ಪಿದ ಬೆಳಕು

ಬೆಂಗಳೂರಿನ ದಕ್ಷಿಣ ಭಾಗದ ಕತ್ರಿಗುಪ್ಪೆಯನ್ನು ಹಾದು ಹೊರವರ್ತುಲ ರಸ್ತೆ ಸಾಗುತ್ತದೆ. ಕತ್ತಲಾದ ಮೇಲೆ ಅಲ್ಲಿ ರಸ್ತೆ ದಾಟುವವರ ಪಾಡು ಸುಲಭವಾದುದಲ್ಲ. ಸಾಲಾಗಿ ಬರುವ ವಾಹನಗಳ ದೀಪ ಕಣ್ಣಿಗೆ ಹೊಡೆದು ಅವರಿಗೆ ದಾರಿ ಕಾಣದು. ಅದಕ್ಕಿಂತ ಕೇಡಿನ ಸಂಗತಿಯೆಂದರೆ, ಎದುರು ದೀಪಕ್ಕೆ ಕಣ್ಣು ಕೊಟ್ಟ ಚಾಲಕನಿಗೆ ದಾಟುವವರೇ ಕಾಣುವುದಿಲ್ಲ. ಬೆಳಕು ಸಾಲದೆ ಬಂದ ಕುರುಡಲ್ಲ ಇದು; ಬೆಳಕು ಹೋಗಬಾರದ ಕಡೆಗೆ ಹೋದುದರಿಂದ ಬಂದ ಕುರುಡು.

ಇದು ಹೇಗಾಗುತ್ತದೆ? ತೀಕ್ಷ್ಣವಾದ ಬೆಳಕು ಕಣ್ಣನ್ನು ಹೊಕ್ಕಾಗ ಅದರಲ್ಲೊಂದು ಅಂಶ ಒಳಗೇ ಚದುರಿ, ನೋಟದ ಮೇಲೆ ತೆಳ್ಳನೆಯ ಬಿಳಿಯ ಪರದೆಯನ್ನು ಎಳೆಯುತ್ತದೆ. ನಾವು ನೋಡಬೇಕಾದ ವಸ್ತುವಿಗೂ ದೀಪಕ್ಕೂ ನಡುವಣ ಕೋನ ಅರ್ಧಕ್ಕೆ ಇಳಿದರೆ ಈ ಪರದೆ ಸುಮಾರು ನಾಲ್ಕು ಪಟ್ಟು ದಟ್ಟವಾಗುತ್ತದೆ. ವಯಸ್ಸಾದವರಿಗೂ ಕಣ್ಣಿನಲ್ಲಿ ಪೊರೆ ಬರತೊಡಗಿದವರಿಗೂ ಇದರ ಬಾಧೆ ಹೆಚ್ಚು.

ಆದುದರಿಂದ ಒಳ್ಳೆಯ ಹೆಡ್‌ಲೈಟಿಗೆ ಎರಡು ಕೆಲಸಗಳಿವೆ. ರಸ್ತೆಗೆ ಬೆಳಕು ಕೊಡುವುದು ಒಂದು. ಎದುರಿನವರ ಕಣ್ಣಿಗೆ ಬೆಳಕು ಕೊಡದಿರುವುದು ಇನ್ನೊಂದು. ಎರಡನೆಯದೇ ಕಠಿಣವಾದುದು. ಯುರೋಪಿನಲ್ಲಿ ಹ್ಯಾಲೊಜೆನ್ ದೀಪಗಳಿಗೆ ಬಹುಕಾಲ ಬಳಕೆಯಲ್ಲಿದ್ದ ಅಳತೆಯನ್ನೇ ನೋಡೋಣ. ದೀಪದಿಂದ ೨೫ ಮೀಟರು ದೂರದಲ್ಲಿ ಒಂದು ಪರದೆಯನ್ನು ನಿಲ್ಲಿಸುತ್ತಾರೆ. ತಗ್ಗಿಸಿದ ಬೆಳಕು, ಅಂದರೆ ಡಿಪ್ ಮಾಡಿದ ಬೆಳಕು, ದೂರದ ರಸ್ತೆಯನ್ನು ಸೂಚಿಸುವ ಬಿಂದುವಿನಲ್ಲಿ ೧೨ ಲಕ್ಸಿಗೆ ಕಡಿಮೆಯಾಗಬಾರದು. ಎದುರಿನ ಚಾಲಕನ ಕಣ್ಣನ್ನು ಸೂಚಿಸುವ ಬಿಂದುವಿನಲ್ಲಿ ೦.೪ ಲಕ್ಸನ್ನು ಮೀರಬಾರದು. ಈ ೦.೪ ಲಕ್ಸೆಂದರೆ ಹುಣ್ಣಿಮೆಯ ಬೆಳದಿಂಗಳಿಗಿಂತ ಸ್ವಲ್ಪವೇ ಹೆಚ್ಚು. ಎರಡು ಬಿಂದುಗಳ ಎತ್ತರದಲ್ಲಿರುವ ಅಂತರ ಅರ್ಧ ಮೀಟರು ಮಾತ್ರ. ಅಷ್ಟರೊಳಗೆ ಬೆಳಕು ಮೂವತ್ತರಲ್ಲಿ ಒಂದು ಪಾಲಿಗೆ ಇಳಿಯಬೇಕು. ಕೆಳಗಿನ ಬೆಳಕಿನಲ್ಲಿ ಅಲ್ಪಾಂಶ ಮೇಲಕ್ಕೆ ಸೋರಿದರೂ ಲೆಕ್ಕ ಕೆಟ್ಟುಹೋಗುತ್ತದೆ.

ಇದಕ್ಕೆ ಹಳೆಯ ಮತ್ತು ಜಾಣ ಉಪಾಯವನ್ನು ೧೯೨೫ರಲ್ಲಿ ಜರ್ಮನಿಯ ಓಸ್ರಾಮ್ ಕಂಪನಿ 'ಬೈಲಕ್ಸ್' ಎಂಬ ಬಲ್ಬಿನಲ್ಲಿ ತಂದಿತು. ಒಂದೇ ಬಲ್ಬಿನಲ್ಲಿ ಎರಡು ತಂತಿಗಳು. ಒಂದು ಕನ್ನಡಿಯ ನಾಭಿಯಲ್ಲಿದ್ದು ದೂರಕ್ಕೆ ಬೆಳಕು ಚೆಲ್ಲುತ್ತದೆ. ಇನ್ನೊಂದು ನಾಭಿಗಿಂತ ತುಸು ಮುಂದಿದೆ. ಅದರ ಕೆಳಗೆ ಪುಟ್ಟದೊಂದು ಲೋಹದ ಬಟ್ಟಲು. ಕನ್ನಡಿಯ ಮೇಲರ್ಧಕ್ಕೆ ತಗುಲಿದ ಕಿರಣ ರಸ್ತೆಗೆ ಇಳಿಯುತ್ತದೆ; ಕೆಳಗಿನರ್ಧಕ್ಕೆ ಹೋಗಿ ಮೇಲೆ ಚಿಮ್ಮಬಹುದಾದ ಕಿರಣವನ್ನು ಬಟ್ಟಲು ತಡೆಯುತ್ತದೆ. ೧೯೭೧ರಲ್ಲಿ ಬಂದ ಎಚ್-೪ ಹ್ಯಾಲೊಜೆನ್ ಬಲ್ಬಿನಲ್ಲಿಯೂ ಇದೇ ಬಟ್ಟಲು ಉಂಟು. ಅದರ ತುದಿಗೆ ಕಪ್ಪು ಲೇಪವಿರುತ್ತದೆ. ಕನ್ನಡಿಯನ್ನು ಮುಟ್ಟದೆ ನೆಟ್ಟಗೆ ಮುಂದಕ್ಕೆ ನುಗ್ಗುವ ಬೆಳಕು ಯಾರ ಹಿಡಿತಕ್ಕೂ ಸಿಕ್ಕುವುದಲ್ಲ. ಆ ಲೇಪ ಅದನ್ನು ನುಂಗುತ್ತದೆ. ಹಿಂದೆ ನಮ್ಮ ಲಾರಿ ಕಾರುಗಳ ದೀಪದ ಗಾಜಿನ ಮೇಲೆ ಕಪ್ಪು ಬಣ್ಣ ಬಳಿಯುತ್ತಿದ್ದುದು ಇದೇ ಉದ್ದೇಶದ ಒರಟು ದಾರಿ.

ಇಷ್ಟಾದರೂ ಸೋರಿಕೆಗೆ ಬೇರೆ ಬಾಗಿಲುಗಳಿವೆ. ಮುಂದಿನ ಗಾಜು ಅಥವಾ ಪ್ಲಾಸ್ಟಿಕ್ ಹೊದಿಕೆಯ ಒಂದೊಂದು ಮೈಯೂ ತನಗೆ ತಗುಲಿದ ಬೆಳಕಿನಲ್ಲಿ ನೂರಕ್ಕೆ ಸುಮಾರು ನಾಲ್ಕು ಭಾಗವನ್ನು ಹಿಂದಕ್ಕೆ ಕಳುಹಿಸುತ್ತದೆ. ಆ ಬೆಳಕು ದೀಪದೊಳಗಿನ ಹೊಳೆಯುವ ಅಲಂಕಾರದ ಅಂಚಿಗೆ ಬಡಿದು ಎಲ್ಲಿಗೋ ಹೊರಡುತ್ತದೆ. ಹೆಂಚಿನ ಸಂದಿನಿಂದ ಬಿಸಿಲುಕೋಲು ಮನೆಯೊಳಗೆ ಇಳಿಯುವಂತೆ, ದೀಪದ ಬಿಡಿಭಾಗಗಳ ನಡುವಣ ಸಂದಿನಿಂದಲೂ ತೀರ ತೆಳುವಾದ ಪ್ಲಾಸ್ಟಿಕ್ ಗೋಡೆಯಿಂದಲೂ ಬೆಳಕು ಹೊರಬೀಳಬಹುದು. ವಿನ್ಯಾಸಕಾರರು ಸಂದುಗಳನ್ನು ಒಂದರ ಮೇಲೊಂದು ಬರುವಂತೆ ಹೊದಿಸುತ್ತಾರೆ, ಗೋಡೆಗಳನ್ನು ದಪ್ಪ ಮಾಡುತ್ತಾರೆ, ಹೊಳಪು ಬೇಡದೆಡೆ ಮಾಸಲು ಕಪ್ಪು ಮೈಯನ್ನು ಕೊಡುತ್ತಾರೆ. ಮಸೂರವುಳ್ಳ 'ಪ್ರೊಜೆಕ್ಟರ್' ದೀಪಗಳಲ್ಲಿ ಮಸೂರದ ನಾಭಿಯ ಬಳಿ ಒಂದು ಲೋಹದ ತಡೆ ಇರುತ್ತದೆ. ಮಸೂರ ಬಿಂಬವನ್ನು ತಲೆಕೆಳಗು ಮಾಡುವುದರಿಂದ, ಆ ತಡೆಯ ಅಂಚೇ ರಸ್ತೆಯ ಮೇಲೆ ಬೆಳಕಿಗೂ ಕತ್ತಲೆಗೂ ನಡುವಣ ಗೆರೆಯಾಗಿ ಮೂಡುತ್ತದೆ.

ತಯಾರಕರ ಈ ಶ್ರಮವನ್ನೆಲ್ಲ ಅಂಗಡಿಯಲ್ಲಿ ಕೊಂಡ ಒಂದು ಬಲ್ಬು ನೀರುಪಾಲು ಮಾಡಬಲ್ಲುದು. ಹ್ಯಾಲೊಜೆನ್ ತಂತಿಗೆಂದು ಲೆಕ್ಕ ಹಾಕಿ ಮಾಡಿದ ಕನ್ನಡಿಯಲ್ಲಿ ಎಲ್‌ಇಡಿ ಬಲ್ಬನ್ನು ಕೂರಿಸಿದರೆ, ಬೆಳಕು ಹುಟ್ಟುವ ಜಾಗ, ಗಾತ್ರ, ಆಕಾರ ಮೂರೂ ಬದಲಾಗಬಹುದು. ಆಗ ಕನ್ನಡಿಯ ಲೆಕ್ಕ ತಪ್ಪಿ ಬೆಳಕು ಗೆರೆಯ ಮೇಲಕ್ಕೆ ಚೆಲ್ಲುತ್ತದೆ. ಮೊದಲಿನಿಂದಲೂ ಎಲ್‌ಇಡಿಗೆಂದೇ ರೂಪಿಸಿದ ದೀಪದ ಮಾತು ಬೇರೆ. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ, ಮುಂದಿನ ದೀಪ ಎದುರಿನವರ ಕಣ್ಣು ಕೋರೈಸದಂತೆ ಕೆಳಕ್ಕೆ ಬಾಗಿರಬೇಕೆಂಬ ವಿಧಿಯಿದೆ. ೨೦೨೪ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿ ಮೊಕದ್ದಮೆ ಹೂಡಿದರು. ೨೦೧೭ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ದೀಪ ಎಂಜಿನ್ನಿನೊಡನೆ ತಾನಾಗಿಯೇ ಉರಿಯುವ ಏರ್ಪಾಡು ಬಂದಿರುವುದರಿಂದ, ಸ್ಕೂಟರಿನ ದೀಪವನ್ನು ತಗ್ಗಿಸಿಡುವ ಅಭ್ಯಾಸವೂ ಈಗ ಹೆಚ್ಚು ಅಗತ್ಯ.

ಮನೆಯಲ್ಲಿ ಕಾರಿದ್ದರೆ ದೀಪವನ್ನು ನೀವೇ ಪರೀಕ್ಷಿಸಬಹುದು. ಸಮತಟ್ಟಾದ ನೆಲದಲ್ಲಿ, ಕಾಂಪೌಂಡು ಗೋಡೆಯಿಂದ ೫ ಮೀಟರು ದೂರಕ್ಕೆ ವಾಹನವನ್ನು ನಿಲ್ಲಿಸಿ. ದೀಪದ ನಡುಭಾಗದ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ. ತಗ್ಗಿಸಿದ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು ೫ ಸೆಂಟಿಮೀಟರು ಕೆಳಗಿರಬೇಕು. ಎಡಕ್ಕೆ ಮಾತ್ರ ಗೆರೆ ಸ್ವಲ್ಪ ಏರುವುದು ಸರಿಯೇ, ಅದು ನಮ್ಮ ಬದಿಯ ಪಾದಚಾರಿಯನ್ನು ತೋರಿಸಲೆಂದು ಇಟ್ಟದ್ದು. ಗೆರೆ ಮೇಲಿದ್ದರೆ ಮೆಕ್ಯಾನಿಕ್ಕನಿಂದ ಸರಿಪಡಿಸಿ. ಗೆರೆಯೇ ಕಾಣದೆ ಗೋಡೆಯೆಲ್ಲ ಬೆಳಗಿದರೆ, ಬಲ್ಬು ಹೊಂದದ್ದಿರಬೇಕು ಇಲ್ಲವೆ ಹೊದಿಕೆ ಹಳದಿಗಟ್ಟಿರಬೇಕು. ಬಿಸಿಲಿಗೆ ಮಂಜಾದ ಪ್ಲಾಸ್ಟಿಕ್ಕು, ಒಳಗೆ ಕಟ್ಟಿದ ತೇವ, ಮೇಲೆ ಕೂತ ಧೂಳು ಎಲ್ಲವೂ ಬೆಳಕನ್ನು ಚದುರಿಸುತ್ತವೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ದೀಪ ಒರೆಸುವುದಕ್ಕೆ ಕಾಸು ಖರ್ಚಿಲ್ಲ. ಹಾಗೆ ಒರೆಸಿದ ದೀಪ ನಿಮಗೂ ದಾರಿ ತೋರಿಸುತ್ತದೆ, ಎದುರಿನವರ ಕಣ್ಣನ್ನೂ ಕಾಯುತ್ತದೆ.